ಚೌಕುಳಿ ಹಾಳೆ

ನಲವತ್ತು ವರ್ಷ ಈ ಚೌಕುಳಿ ಹಾಳೆಯ ಮೇಲೆ
ನವಿಲು ಬಿಡಿಸಿದ್ದೇನೆ, ಬಾತು, ತಾಜಮಹಲು,
ಒಮ್ಮೆ ಒಬ್ಬ ಸಾಹುಕಾರನ ಹೊಸ ಮೋಟಾರು.
ಚೌಕ ತುಂಬಿದರೆ ಕಾರ್ಡಿಗೊಂದು ತೂತು.
ತೂತಿದ್ದಲ್ಲಿ ನೂಲು ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ.
ಚಾದರವೆಂದರೆ ಇಷ್ಟೇ. ಸೋಲಾಪುರವೆಂದರೂ.

ಈಗ ಅದೇ ಹಾಳೆಯಲ್ಲಿ ಬೆಕ್ಕಿನ ಸಕ್ಕರೆ ಬರೆಯುತ್ತೇನೆ.
ಅಡ್ಡಕ್ಕೆ ತಾಸು, ಉದ್ದಕ್ಕೆ ಅಂಕಿ.
ಕಂಡಿಕೆ ಬುಟ್ಟಿಯಲ್ಲಿ ಸಿಕ್ಕಿದ್ದಕ್ಕೆ ಅದರ ಹೆಸರು ಕಂಡಿಕಿ.
ಚಂದಕ್ಕ ಮಡಿಲಲ್ಲಿ ಒತ್ತಿ ಹಿಡಿಯುತ್ತಾಳೆ,
ನಾನು ಕಿವಿಯ ಅಂಚಿಗೆ ಸೂಜಿ ಚುಚ್ಚುತ್ತೇನೆ,
ಸಾಸಿವೆಯಷ್ಟು ರಕ್ತ.
ಎರಡು ವರ್ಷ ಗೆರೆ ನಮ್ಮ ಮಾತು ಕೇಳಿತ್ತು.

ಶ್ರಾವಣದಲ್ಲಿ ತೂಕ ಇಳಿಯಿತು.
ಡಾಕ್ಟರ್ ಬಿರಾಜದಾರ ಹೊಟ್ಟೆ ಒತ್ತಿ ನೋಡಿದರು,
ಒಳಗೆ ಸಿಕ್ಕಾದ ಲಡಿಯಂಥದೇನೋ.
ಪುಣೆಗೆ ಹೋದ ಸ್ಯಾಂಪಲ್ಲು ಎಂಟು ದಿನಕ್ಕೆ ಬಂತು.
ಬಿರಾಜದಾರರು ಮನೆಯಲ್ಲಿ ಕನ್ನಡದವರೇ,
ಕೆಟ್ಟ ಸುದ್ದಿಗೆ ಮಾತ್ರ ಮರಾಠಿಗೆ ಹೋಗುತ್ತಾರೆ.
'ಬಸಾ' ಎಂದರು.
ಲಕೋಟೆ ಬಿಚ್ಚುವ ಮೊದಲೇ ನಮಗೆ ತಿಳಿಯಿತು.

ಲಿಂಫೋಮಾ. ಕರುಳಿನ ಗೋಡೆಯಲ್ಲಿ.

ಗಂಟು ಕರಗಿಸುವ ಸ್ಟೆರಾಯ್ಡ್ ಗುಳಿಗೆ ಸಕ್ಕರೆ ಏರಿಸುತ್ತದೆ.
ಸಕ್ಕರೆ ಇಳಿಸುವ ಇನ್ಸುಲಿನ್, ಉಪವಾಸದ ದಿನ ಪ್ರಾಣ ತೆಗೆಯುತ್ತದೆ.
ಉಪವಾಸ ಮುರಿಯಬೇಕಾದರೆ ಗಂಟು ಕರಗಬೇಕು.
ಇಂಥ ಡಿಸೈನು ಯಾರಾದರೂ ತಂದುಕೊಟ್ಟಿದ್ದರೆ
ಆಗುವುದಿಲ್ಲವೆಂದು ವಾಪಸು ಕಳಿಸುತ್ತಿದ್ದೆ.

ಪುಣೆಯಲ್ಲಿ ವಾರಕ್ಕೊಂದು ಇಂಜೆಕ್ಷನ್ ಕೊಡುವವರಿದ್ದಾರಂತೆ.
ನಸುಕಿನ ರೈಲು, ಬುಟ್ಟಿ, ರಾತ್ರಿ ವಾಪಸು,
ಖರ್ಚು ನನ್ನ ಪಂಚಿಂಗ್ ಮಷೀನು ಮಾರಿದರೆ ಬರುವಷ್ಟು.
ಮಷೀನು ಹೇಗೂ ಸುಮ್ಮನಿದೆ, ಎಲ್ಲ ಕಂಪ್ಯೂಟರಿಗೆ ಹೋಗಿದೆ,
ಮಾರೋಣವೆಂದೆ.
'ರಿಕ್ಷಾ ಹತ್ತಿದ್ರನ ಉಚ್ಚಿ ಹೊಯ್ಕೊಳ್ತದ,
ರೈಲಿನ್ಯಾಗ ಅದೇನ್ ಬದುಕತದ?' ಎಂದಳು ಚಂದಕ್ಕ.

ಪಕ್ಕದ ವಿಠಾಬಾಯಿ ಬಾಗಿಲಲ್ಲೇ ನಿಂತು ಕೇಳಿದರು:
'ಬೆಕ್ಕಿಗೆ ಕೀಮೋ? ನಮ್ಮ ಮಾವಗ ನಾವು ಮಾಡಿಸ್ಲಿಲ್ಲ.'
ಜೋರಾಗಿ ಹೇಳಲಿಲ್ಲ. ಜೋರಾಗಿದ್ದರೆ ಜಗಳವಾದರೂ ಆಡಬಹುದಿತ್ತು.
ಅವರ ಮಾವನಿಗೆ ಕೊನೆಗೆ ಹೊದಿಸಿದ್ದು ನನ್ನ ನವಿಲಿನ ಚಾದರ.
ನನ್ನ ಹತ್ತಿರ ಆಗ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಮನೆಯ ಗುಳಿಗೆಯೇ ಸಾಕೆಂದು ಆಯಿತು.
ಸ್ಟೆರಾಯ್ಡ್ ದಿನಾ. ಇನ್ನೊಂದು, ಪುಟ್ಟದು, ಹದಿನೈದು ದಿನಕ್ಕೊಮ್ಮೆ,
ಕೈಚೀಲ ಹಾಕಿ ಕೊಡಬೇಕು, ಮುರಿಯಬಾರದು,
ಫ್ರಿಜ್ಜಿನಲ್ಲಿ ಶೇಂಗಾ ಹಿಂಡಿಯ ಡಬ್ಬಿಯಿಂದ ದೂರ ಇಡಬೇಕು.

ಮೊದಲ ವಾರಕ್ಕೇ ಗೆರೆ ಹಾಳೆಯ ನೆತ್ತಿ ಮುಟ್ಟಿತು,
ನಾನೂರ ಹದಿನೆಂಟು.
ಮೇಲೊಂದು ಹಾಳೆ ಅಂಟಿಸಿದೆ.
ಡಾಕ್ಟರು ಫೋನಿನಲ್ಲಿ ಅರ್ಧ ಯುನಿಟ್ ಏರಿಸಿದರು.
ಅರ್ಧ ಯುನಿಟ್ ಎಂದರೆ ಸಿರಿಂಜಿನ ಎರಡು ಗೆರೆಗಳ ನಡುವಿನ
ಗೆರೆಯಿಲ್ಲದ ಜಾಗ. ಕನ್ನಡಕ ಬದಲಾಯಿಸಿದೆ.

ಒಂದು ರಾತ್ರಿ ಸೂಜಿಯಾದ ಮೇಲೆ ತಿಂದದ್ದೆಲ್ಲ ಕಾರಿತು.
ಮೂರು ಗಂಟೆಗೆ ಗೋಡೆ ಹಿಡಿದು ತೂರಾಡುತ್ತಿತ್ತು.
ನಲವತ್ತಾರು.
ಒಸಡಿಗೆ ಜೇನು ಸವರುತ್ತ ಚಂದಕ್ಕ
ಅದರ ಹೆಸರು ಬಿಟ್ಟು ನನ್ನ ಹೆಸರು ಕರೆಯುತ್ತಿದ್ದಳು,
ಶಿವಪುತ್ರಾ, ಶಿವಪುತ್ರಾ,
ನಾನು ಪಕ್ಕದಲ್ಲೇ ಟಾರ್ಚು ಹಿಡಿದು ಕೂತಿದ್ದೆ.

ಬೆಳಗಾದ ಮೇಲೆ ಒಂದು ಕರಾರು ಮಾಡಿಕೊಂಡೆವು,
ಹಾಳೆಯ ಹಿಂಬದಿಗೆ ಬರೆದೆ:
ಕಿಟಕಿ ಹತ್ತುವುದು ಬಿಟ್ಟ ದಿನ ಸಾಕು.
ಅವಳು ಸಹಿ ಮಾಡಿದಳು, ಪೂರ್ತಿ ಹೆಸರು, ಚಂದ್ರಭಾಗಾ,
ಬ್ಯಾಂಕಿನಲ್ಲಿ ಮಾಡುವ ಹಾಗೆ.

ತೂಕ ನಿಂತಿದೆ. ಏರಿಲ್ಲ, ನಿಂತಿದೆ.
ಕೋಳಿ ಬೇಯುವ ವಾಸನೆಗೆ ಒಲೆಯ ಹತ್ತಿರ ಬರುತ್ತದೆ.
ಇವತ್ತು ಸಂಜೆ ಕಿಟಕಿಗೆ ಹಾರಿತು,
ಮುಂಗಾಲು ಕಟ್ಟೆಗೆ ತಾಗಿ ಕೆಳಗೆ ಬಿತ್ತು.
ಏನೂ ಆಗದವರಂತೆ ಬಾಲ ನೆಕ್ಕಿತು. ಮತ್ತೆ ಹಾರಿತು.
ಹತ್ತಿತು.

'ಹತ್ತಿತು' ಎಂದೇ ಬರೆದಿದ್ದೇನೆ.

ಚಂದಕ್ಕ ಎರಡನ್ನೂ ನೋಡಿದ್ದಳು.
ಮಾತಾಡದೆ ಒಳಗೆ ಹೋಗಿ ನೂಲಿನ ಹಳೇ ಪೆಟ್ಟಿಗೆ ಎಳೆದುತಂದು
ಕಿಟಕಿಯ ಕೆಳಗಿಟ್ಟು,
ಅಲ್ಲಾಡದ ಹಾಗೆ ಒಂದು ಮೂಲೆಗೆ
ನನ್ನ ಕಾರ್ಡು ಮಡಚಿ ಸಿಕ್ಕಿಸಿದಳು.